ಅಣ್ಣನ ಕೇಸನ್ನು ಮೊಬೈಲಿನಲ್ಲಿ ಓದಿದ್ದು

ಓದುವುದಕ್ಕೆ ಒಂದು ಪೈಸೆ ಖರ್ಚಾಗಲಿಲ್ಲ. ಖರ್ಚಾದದ್ದು ಬೇರೆ. ಮೈಸೂರಿನ ಲಷ್ಕರ್ ಮೊಹಲ್ಲಾದಲ್ಲಿ ನನ್ನಣ್ಣನಿಗಿದ್ದ ಅಂಗಡಿ ಹೋಯಿತು, ಅತ್ತಿಗೆ ಆ ಬೀದಿಯಲ್ಲಿ ತಲೆಯೆತ್ತಿ ನಡೆಯುವುದು ನಿಂತಿತು, ಅಣ್ಣ ನನ್ನ ಜೊತೆ ಮಾತು ಬಿಟ್ಟ. ಯಾಕೆ ಅಂದರೆ, ಪುಕ್ಕಟೆ ಸಿಗುವುದನ್ನು ನಮ್ಮ ಮನೆಯಲ್ಲಿ ಯಾರೂ ನಂಬುವುದಿಲ್ಲ. ಬೆಲೆ ಕೊಟ್ಟು ತಂದದ್ದು ಸರಕು, ಬಿಟ್ಟಿ ಬಂದದ್ದರಲ್ಲಿ ಏನೋ ಹುಳುಕಿದೆ ಎಂದುಕೊಂಡೇ ಬೆಳೆದವರು ನಾವು. ಸರ್ಕಾರವೇ ಬಿಟ್ಟಿಯಾಗಿ ತೆರೆದಿಟ್ಟಿದ್ದ ಕೇಸಿನ ವಿವರವನ್ನು ನಾನು ನೋಡಿದ್ದು ತಡವಾಗಿ. ಅಣ್ಣ ನಂಬಿದ್ದು ಅದಕ್ಕಿಂತ ತಡವಾಗಿ.

ಅಣ್ಣನದು ಹಳೇ ಸಾಮಾನಿನ ವ್ಯಾಪಾರ. ಸ್ಪ್ಯಾನರು, ಸುತ್ತಿಗೆ, ವೈಸು, ಬೀಗ, ಸರಪಳಿ. ಕಡಕೊಳದ ಕಾರ್ಖಾನೆಗಳು ಗುಜರಿಗೆ ಹಾಕುವುದನ್ನು ರಾಶಿ ಲೆಕ್ಕದಲ್ಲಿ ಎತ್ತಿಕೊಂಡು ಬಂದು, ತುಕ್ಕು ಉಜ್ಜಿ, ಎಣ್ಣೆ ಸವರಿ, ಹೊಸದರ ಪಕ್ಕದಲ್ಲಿಟ್ಟರೂ ಹೊಸದೇ ನಾಚಿಕೊಳ್ಳುವ ಹಾಗೆ ಮಾಡಿ ಮಾರುತ್ತಿದ್ದ. ನಾನು ವ್ಯಾಪಾರ ಕಲಿತದ್ದು ಅವನ ಪಕ್ಕದಲ್ಲಿ ಕೂತು. ಈಗ ಸಿದ್ಧಾರ್ಥನಗರದಲ್ಲಿ ಮನೆಯ ಮುಂದಿನ ಕೋಣೆಯಲ್ಲಿ ನನ್ನದೇ ಅಂಗಡಿ ಇದೆ. ಹಳೇ ಹೊಲಿಗೆ ಯಂತ್ರ ಕೊಳ್ಳುತ್ತೇನೆ, ಬಿಚ್ಚಿ ಸರಿಮಾಡುತ್ತೇನೆ, ಮಾರುತ್ತೇನೆ. ಎಸ್ಸೆಸ್ಸೆಲ್ಸಿ ಓದಿದವಳು. ಗಂಡನ ಮನೆಯಿಂದಾಗಲಿ ತವರಿನಿಂದಾಗಲಿ ಬಂಡವಾಳ ತಂದವಳಲ್ಲ. ನನ್ನ ಜೊತೆ ಚೌಕಾಸಿ ಮಾಡಿ ಗೆದ್ದೆ ಎಂದುಕೊಂಡು ಮನೆಗೆ ಹೋದವರು ಬಹಳ ಜನ ಇದ್ದಾರೆ. ಹಾಗೆ ಅಂದುಕೊಂಡು ಹೋಗಲಿ ಎಂದೇ ನಾನು ಬಿಡುವುದು.

ಅಣ್ಣನ ಅಂಗಡಿಯಿದ್ದ ಸಾಲಿನಲ್ಲಿ ಒಂದು ಕಟ್ಟಳೆ ಇತ್ತು. ಬಾಯಲ್ಲಿ ಎಷ್ಟು ಬೇಕಾದರೂ ಮಾತಾಗಲಿ, ಕೈಗೆ ತೆಗೆದುಕೊಳ್ಳುವ ತನಕ ವ್ಯಾಪಾರ ಆಗಿಲ್ಲ. ಕೊಳ್ಳುವವನು ಮುಂಗಡವೆಂದು ಒಂದು ನೋಟು ಚಾಚುತ್ತಾನೆ. ಅದನ್ನು ಹಿಡಿದರೆ ಮುಗಿಯಿತು, ಆಮೇಲೆ ಇನ್ನೊಬ್ಬ ಬಂದು ಎರಡರಷ್ಟು ಕೊಡುತ್ತೇನೆಂದರೂ ಮಾತು ತಿರುಗಿಸುವಂತಿಲ್ಲ. ಹಿಡಿಯದಿದ್ದರೆ ಯಾವ ಬಂಧನವೂ ಇಲ್ಲ. ಅಣ್ಣ ಇದರಲ್ಲಿ ನಿಸ್ಸೀಮ. ಗಿರಾಕಿ ನೋಟು ಚಾಚಿದ ಕೂಡಲೇ ಎರಡೂ ಕೈಗಳನ್ನು ಕಂಕುಳಿಗೆ ಸೇರಿಸಿಕೊಂಡು ನಿಲ್ಲುತ್ತಿದ್ದ. ಚಾಚಿದವನ ಕೈ ಗಾಳಿಯಲ್ಲಿ ನೋಯುತ್ತಾ ನೋಯುತ್ತಾ ನೋಟು ದೊಡ್ಡದಾಗುತ್ತಿತ್ತು.

ಸಾಲಿನ ಹಳೇ ಮಾಲೀಕರು ತೀರಿಕೊಂಡ ಮೇಲೆ ಅವರ ಮಗ ಎಲ್ಲವನ್ನೂ ಕೆಡವಿ ಹೊಸ ಮಳಿಗೆ ಕಟ್ಟಿಸಲು ಹೊರಟರು. ಬಾಡಿಗೆದಾರರಿಗೆಲ್ಲ ಖಾಲಿ ಮಾಡಿ ಎಂದು ವಕೀಲರ ನೋಟೀಸು ಬಂತು. ಅಣ್ಣ ಪೋಸ್ಟ್‌ಮ್ಯಾನನ ಮುಂದೆ ಕೈ ಕಂಕುಳಿಗೆ ಸೇರಿಸಿದ. ನೋಟೀಸು ವಾಪಸು ಹೋಯಿತು. ಅಣ್ಣನ ಪ್ರಕಾರ ಅಲ್ಲಿಗೆ ಮಾಲೀಕರು ಒಂದು ಸುತ್ತು ಸೋತರು.

ಮುಂದಿನ ಸುತ್ತಿಗೆ ಕೋರ್ಟಿನ ಅಮೀನರು ಬಂದರು. ಸಮನ್ಸು ತಲುಪಿಸುವುದು, ಕೋರ್ಟು ಹೇಳಿದ ಮೇಲೆ ಬಾಗಿಲು ತೆಗೆಸುವುದು ಅವರ ಕೆಲಸ. ಆ ಹೊತ್ತಿಗೆ ನಾನು ಅಲ್ಲೇ ಇದ್ದೆ, ಒಂದು ಯಂತ್ರಕ್ಕೆ ಬೇಕಾದ ಸ್ಕ್ರೂ ಹುಡುಕಿಕೊಂಡು ಅಣ್ಣನ ಡಬ್ಬಿಗಳನ್ನು ಕೆದಕುತ್ತಿದ್ದೆ.

"ಸ್ವಾಮಿ, ಸಮನ್ಸ್ ಬಂದಿದೆ. ಇಲ್ಲೊಂದು ಸೈನ್ ಹಾಕಿ," ಎಂದರು ಅಮೀನರು.

"ನಾನ್ ಕೇಳಿದ್ನಾ?" ಎಂದ ಅಣ್ಣ.

"ಕೇಳಿ ತರಿಸ್ಕೊಳ್ಳೋಕೆ ಇದೇನು ಹೋಟ್ಲು ತಿಂಡೀನಾ?"

"ಕೇಳ್ದೇ ಇರೋ ಸಾಮಾನು ನಾನ್ ತಗೊಳಲ್ಲ. ತಂದಂಗೇ ತಗೊಂಡೋಗಿ."

"ತಗೊಳ್ದಿದ್ರೆ ಬಾಗಿಲಿಗೆ ಅಂಟಿಸ್ತೀನಿ. ಫೋಟೋನೂ ಹೊಡ್ಕೋತೀನಿ. ಆಮೇಲೆ ಗೊತ್ತಿಲ್ಲ ಅನ್ಬೇಡಿ."

"ಅಂಟ್ಸಿ. ಬಾಗ್ಲೂ ಮಾಲೀಕ್ರದೇ, ಗೋಡೇನೂ ಮಾಲೀಕ್ರದೇ. ಅವ್ರಿಗೇ ಕೊಟ್ಟಂಗಾಯ್ತು ಬುಡಿ!"

ಇಡೀ ಸಾಲು ನಕ್ಕಿತು. ನಾನೂ ನಕ್ಕೆ. ಅಮೀನರು ನಗಲಿಲ್ಲ. ಕಾಗದವನ್ನು ಬಾಗಿಲಿಗೆ ಅಂಟಿಸಿ, ಅದರ ಪಕ್ಕದಲ್ಲಿ ಕೈ ಕಟ್ಟಿ ಹಲ್ಲು ಕಿರಿದು ನಿಂತಿದ್ದ ಅಣ್ಣನ ಸಮೇತ ಮೊಬೈಲಿನಲ್ಲಿ ಫೋಟೋ ಹಿಡಿದುಕೊಂಡರು. ಪಕ್ಕದ ಬಳೆ ಅಂಗಡಿಯ ಯಜಮಾನರಿಂದ, ಹೌದು, ಇವರು ನಿರಾಕರಿಸಿದರು ಎಂದು ಸಾಕ್ಷಿ ಸಹಿ ಹಾಕಿಸಿಕೊಂಡು ಹೋದರು. ಅವರು ತಿರುವು ದಾಟುವ ಮೊದಲೇ ಅಣ್ಣ ಆ ಕಾಗದವನ್ನು ಕಿತ್ತು, ಒಬ್ಬ ಗಿರಾಕಿಗೆ ಅದರಲ್ಲೇ ಸ್ಪ್ಯಾನರು ಸುತ್ತಿಕೊಟ್ಟ.

"ಇದ್ರಲ್ಲಿ ಏನೋ ಸೀಲ್ ಅದೆಯಲ್ಲಣ್ಣ," ಎಂದ ಆ ಮನುಷ್ಯ.

"ಗ್ಯಾರಂಟಿ ಕಾರ್ಡು. ಜೋಪಾನ."

ಬಳೆ ಅಂಗಡಿಯ ಯಜಮಾನರು ಎಂದೆನಲ್ಲ, ಆ ಬಳೆಯವರು ಯಾರ ಜೊತೆಗೂ ಎರಡನೇ ಮಾತಾಡದ ಹಿರಿಯರು. ಗಿರಾಕಿ ಕೇಳಿದ ಬೆಲೆಗೆ ಬಳೆ ಕೊಟ್ಟು, ಇನ್ನೆರಡು ಸೇರಿಸಿ ಕೊಡುವವರು. ಅವರಿಗೂ ಸಮನ್ಸು ಬಂದಿತ್ತು. ಅವರು ಕೈಚಾಚಿ ತೆಗೆದುಕೊಂಡರು, ಕಣ್ಣಿಗೊತ್ತಿಕೊಂಡರು ಎಂದರೂ ತಪ್ಪಿಲ್ಲ. ಕೋರ್ಟಿನ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲು ಹಾಕಿಕೊಂಡು ಹೊರಡುತ್ತಿದ್ದರು. ಅಣ್ಣ ಕೂತಲ್ಲಿಂದಲೇ ಕೂಗುತ್ತಿದ್ದ.

"ಏನ್ ಬಳೆಯವ್ರೇ, ಇವತ್ತೂ ಕೋರ್ಟಾ? ಜಡ್ಜ್ ಸಾಹೇಬ್ರಿಗೆ ಬಳೆ ತೊಡಿಸಕ್ಕಾ?"

"ಕರೆದ್ರಪ್ಪ, ಹೋಗ್ಬರ್ತೀನಿ," ಎನ್ನುತ್ತಿದ್ದರು ಅವರು.

"ಓಗಿ ಓಗಿ. ನೀವ್ ಒಪ್ಕೊಂಡು ಬನ್ನಿ. ಸಾಲಲ್ಲಿ ಕೊನೇಗೆ ಉಳಿಯೋನು ನಾನೊಬ್ನೇ."

ಹೀಗೇ ಬಹಳ ಕಾಲ ಹೋಯಿತು. ಯಾರೂ ಬರಲಿಲ್ಲ, ಏನೂ ಬರಲಿಲ್ಲ. ಮಾಲೀಕರು ಹೆದರಿ ಕೇಸು ಕೈಬಿಟ್ಟರು ಎಂದು ಅಣ್ಣ ಊರಿಗೆಲ್ಲ ಹೇಳಿಕೊಂಡು ತಿರುಗಿದ. ಒಂದು ದಿನ ಬಳೆಯವರು ಮಗಳ ಹೊಲಿಗೆ ಯಂತ್ರ ರಿಪೇರಿಗೆಂದು ನನ್ನ ಅಂಗಡಿಗೆ ಬಂದವರು, ಹೊರಡುವಾಗ ಚಪ್ಪಲಿಗೆ ಕಾಲು ತೂರಿಸುತ್ತಾ ಅಂದರು: "ನಿಮ್ಮಣ್ಣನ ಕೇಸು ಏನಾಗಿದೆ ಅಂತ ಒಂದ್ಸಲ ನೋಡ್ಬಾರ್ದೇನಮ್ಮ? ನನ್ನ ವಾಯಿದೆ ಎಲ್ಲಾ ನಾನು ಮೊಬೈಲಲ್ಲೇ ನೋಡ್ಕೊಳ್ತಿದ್ದೆ. ದುಡ್ಡೇನೂ ಕೇಳಲ್ಲ."

ದುಡ್ಡು ಕೇಳುವುದಿಲ್ಲ ಎಂದದ್ದೇ ನನಗೆ ಅನುಮಾನ. ಆದರೂ ಮಧ್ಯಾಹ್ನ ಗಿರಾಕಿಯಿಲ್ಲದ ಹೊತ್ತಿನಲ್ಲಿ ತೆರೆದೆ. ನ್ಯಾಯಾಲಯಗಳಿಗೆಂದೇ ಸರ್ಕಾರದ್ದೊಂದು ವೆಬ್‌ಸೈಟಿದೆ, ಅದರದೇ ಆ್ಯಪ್ ಕೂಡ ಇದೆ. ರಾಜ್ಯ, ಜಿಲ್ಲೆ, ಕೋರ್ಟು ಯಾವುದೆಂದು ಆರಿಸಬೇಕು, ಕಕ್ಷಿಗಾರರ ಹೆಸರು ಮತ್ತು ಇಸವಿ ಹಾಕಬೇಕು, ಚಿತ್ರದಲ್ಲಿ ಸೊಟ್ಟಗೆ ಬರೆದಿರುವ ಅಕ್ಷರಗಳನ್ನು ನೋಡಿ ಒತ್ತಬೇಕು. ಅಷ್ಟೇ. ಅಣ್ಣನ ಹೆಸರಿನವರು ಮೈಸೂರಲ್ಲಿ ಸಂತೆಗಾಗುವಷ್ಟು ಜನ. ಎಲ್ಲರದೂ ಬಂತು, ಯಾವುದು ಅವನದೆಂದು ತಿಳಿಯಲಿಲ್ಲ. ಆಗ ನನ್ನ ವ್ಯಾಪಾರದ ಬುದ್ಧಿ ಓಡಿತು. ಸರಕು ಎಲ್ಲಿದೆ ಎಂದು ಗೊತ್ತಾಗಬೇಕಾದರೆ ಕೊಂಡವನನ್ನಲ್ಲ, ಮಾರುವವನನ್ನು ಕೇಳಬೇಕು. ಮಾಲೀಕರ ಹೆಸರು ಹಾಕಿದೆ.

ಸಾಲಿನ ಅಷ್ಟೂ ಅಂಗಡಿಗಳು ಒಂದರ ಕೆಳಗೊಂದು ಬಂದು ನಿಂತವು. ಬಳೆಯವರದು ರಾಜಿಯಲ್ಲಿ ಮುಗಿದಿತ್ತು. ಆದೇಶ ಇಂಗ್ಲಿಷಿನಲ್ಲಿತ್ತು, ಮೊಬೈಲಿನ ಅನುವಾದವನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಸಾಲು ಓದಿದೆ. ಖಾಲಿ ಮಾಡಲು ಎರಡು ವರ್ಷ ಕಾಲಾವಕಾಶ. ಹೊಸ ಕಟ್ಟಡದಲ್ಲಿ ಅವರಿಗೊಂದು ಮಳಿಗೆ. ಚೌಕಾಸಿಯೇ ಬಾರದ ಮನುಷ್ಯನಿಗೆ!

ಅಣ್ಣನದನ್ನು ತೆರೆದೆ. ಅಲ್ಲಿ ಪ್ರತಿ ವಾಯಿದೆಗೂ ಒಂದೇ ಮಾತು: ಪ್ರತಿವಾದಿಯನ್ನು ಕೂಗಿಸಲಾಯಿತು, ಗೈರುಹಾಜರು. ಸಮನ್ಸು ನಿರಾಕರಿಸಿದ್ದಾರೆ, ಜಾರಿಯಾಗಿದೆ ಎಂದು ಪರಿಗಣಿಸಲಾಗಿದೆ. ಮತ್ತೆ ಕೂಗಿಸಲಾಯಿತು, ಗೈರುಹಾಜರು. ಕೊನೆಯಲ್ಲಿ ಏಕಪಕ್ಷೀಯ ಡಿಕ್ರಿ, ಅಂಗಡಿಯನ್ನು ಮಾಲೀಕರಿಗೆ ಬಿಟ್ಟುಕೊಡತಕ್ಕದ್ದು. ಅಣ್ಣ ಸಾಲಿನಲ್ಲಿ ಕೂತು ಗೆದ್ದೆನೆಂದು ಸಾರುತ್ತಿದ್ದಾಗ, ಅಲ್ಲಿ ಜವಾನನೊಬ್ಬ ಬಾಗಿಲಲ್ಲಿ ನಿಂತು ಅವನ ಹೆಸರನ್ನು ಕೂಗುತ್ತಿದ್ದ. ಅದು ಮುಗಿದೇ ತಿಂಗಳುಗಳಾಗಿದ್ದವು.

ಆಟೋ ಹಿಡಿದು ಲಷ್ಕರ್ ಮೊಹಲ್ಲಾಕ್ಕೆ ಹೋದೆ. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಇದ್ದರೆ ಇರಲಿ ಎಂದು ಅಲ್ಲೇ ಹೇಳಿದೆ.

"ಅಣ್ಣ, ನಿನ್ ಕೇಸು ಮುಗ್ದೋಗದೆ. ಸೋತಿದೀಯ."

"ಆಡ್ದೇ ಇರೋ ಆಟ ಎಂಗಮ್ಮಿ ಸೋಲೋದು?"

"ನೋಡು ಇಲ್ಲಿ. ಕೋರ್ಟಿಂದೇ ಇದು."

ಅವನು ಮೊಬೈಲನ್ನೂ ಕೈಗೆ ತೆಗೆದುಕೊಳ್ಳಲಿಲ್ಲ. ಗಿರಾಕಿಗಳ ಕಡೆ ತಿರುಗಿ, "ಒಲಿಗೆ ಮಿಷನ್ ಮಾರ್ತಾ ಮಾರ್ತಾ ನಮ್ ತಂಗಮ್ಮ ಲಾಯರಮ್ಮ ಆಗ್ಬುಟ್ಟಳು ನೋಡ್ರಪ್ಪ! ಬಿಟ್ಟಿ ಸುದ್ದಿ ನೋಡ್ಕೊಂಡು ಅಂಗಡಿ ಖಾಲಿ ಮಾಡು ಅಂತಾಳೆ," ಎಂದ. ಅವರು ನಕ್ಕರು.

"ನಗಿ," ಎಂದೆ. "ಇವನ ಜಾಣತನಕ್ಕೆ ಕೋರ್ಟಲ್ಲಿ ಒಂದೇ ಪದ ಬರ್ದಿರೋದು. ಗೈರುಹಾಜರು. ಬಳೆಯವ್ರಿಗೆ ಎರಡು ವರ್ಷ, ಒಂದು ಹೊಸ ಮಳಿಗೆ. ನಿಂಗೆ ಅಮೀನ್ರು."

ಬಳೆಯವರ ವಿಷಯ ಹೇಳಿದ ಮೇಲೆ ಮಾತ್ರ ಅವನ ಮುಖ ಇಳಿಯಿತು. ಅಂಗಡಿ ಹೋಗುವುದಕ್ಕಿಂತ ಅದೇ ಹೆಚ್ಚು ಕುಟುಕಿತು ಎಂದು ನನಗೆ ಅಲ್ಲೇ ಗೊತ್ತಾಯಿತು. ಗೊತ್ತಿದ್ದೇ ಹೇಳಿದ್ದು ಕೂಡ.

ಆ ವಾರ ನಾನು ಯಂತ್ರ ಮುಟ್ಟಿದ್ದು ಕಡಿಮೆ, ಮೊಬೈಲು ಮುಟ್ಟಿದ್ದು ಹೆಚ್ಚು. ಕಾಯಿದೆಗಳ ಪೂರ್ತಿ ಪಠ್ಯ ಸರ್ಕಾರದ ಸೈಟಿನಲ್ಲೇ ಇದೆ. ಹೈಕೋರ್ಟು, ಸುಪ್ರೀಂ ಕೋರ್ಟುಗಳ ತೀರ್ಪುಗಳು ಆಯಾ ಕೋರ್ಟಿನ ಸೈಟಿನಲ್ಲಿವೆ. ಎಲ್ಲ ಕೋರ್ಟುಗಳದ್ದನ್ನೂ ಒಟ್ಟಿಗೆ ಹುಡುಕಿಕೊಡುವ ಬಿಟ್ಟಿ ಸೈಟುಗಳೂ ಇವೆ. ಏಕಪಕ್ಷೀಯ ಡಿಕ್ರಿಯನ್ನು ರದ್ದು ಮಾಡಿ ಎಂದು ಕೇಳಬಹುದು, ಅದಕ್ಕೆ ಒಂದು ತಿಂಗಳ ಗಡುವು, ತಡವಾದರೆ ಕಾರಣ ಕೊಡಬೇಕು, ಬರದೇ ಇದ್ದುದಕ್ಕೂ ಕಾರಣ ಕೊಡಬೇಕು ಎಂದು ಓದಿದೆ. ಸಮನ್ಸು ನಿರಾಕರಿಸಿದವರ ತೀರ್ಪುಗಳನ್ನು ಹುಡುಕಿದೆ. ಮೊದಲು ಸಿಕ್ಕಿದ್ದರಲ್ಲಿ ಬಾಡಿಗೆದಾರ ಗೆದ್ದಿದ್ದ. ಕುಣಿಯುವಷ್ಟು ಸಂತೋಷವಾಯಿತು. ಪೂರ್ತಿ ಓದಿದರೆ, ಆ ಕೇಸಿನಲ್ಲಿ ಅಮೀನ ಅಂಗಡಿಗೆ ಹೋಗಿಯೇ ಇರಲಿಲ್ಲ, ಹೋದೆನೆಂದು ಸುಳ್ಳು ಬರೆದಿದ್ದ. ನಮ್ಮಲ್ಲಿ ಬಂದಿದ್ದರು, ಫೋಟೋ ಇತ್ತು, ಬಳೆಯವರ ಸಹಿ ಇತ್ತು. ಆಮೇಲೆ ಸಿಕ್ಕಿದ ತೀರ್ಪುಗಳೆಲ್ಲ ಒಂದೇ ಮಾತನ್ನು ಬೇರೆಬೇರೆ ದನಿಯಲ್ಲಿ ಹೇಳಿದವು: ಬೇಡವೆಂದು ತಳ್ಳಿದವನಿಗೂ ತಲುಪಿದಂತೆಯೇ. ಹಳೇ ಯಂತ್ರ ಕೊಳ್ಳುವಾಗ ನಾನು ಮೊದಲು ನೋಡುವುದು ಎಲ್ಲಿ ಒಡೆದಿದೆ ಎಂದು. ಅಣ್ಣನ ಕೇಸು ಎಲ್ಲ ಕಡೆಯೂ ಒಡೆದಿತ್ತು.

ಕೋರ್ಟಿನ ಆವರಣದಲ್ಲೇ ಉಚಿತ ಕಾನೂನು ನೆರವಿನ ಕಚೇರಿ ಇದೆ. ಅಲ್ಲಿಗೂ ಹೋದೆ. ಅಲ್ಲಿದ್ದ ವಕೀಲೆ ಎಲ್ಲ ಕೇಳಿಸಿಕೊಂಡು, "ಸಮನ್ಸ್ ಬಂದಿಲ್ಲ ಅಂತ ಮಾತ್ರ ಹೇಳ್ಬೇಡಿ. ಮಾಲೀಕರ ಹತ್ರ ಕಾಲಾವಕಾಶ ಕೇಳಿ, ಸಿಕ್ಕಿದ್ದನ್ನ ಕೋರ್ಟಲ್ಲಿ ಬರೆಸಿಕೊಳ್ಳಿ. ಈಗ ನಿಮಗೆ ಉಳಿದಿರೋದು ಅದೊಂದೇ," ಎಂದರು.

ಮಾಲೀಕರ ಮನೆಗೆ ಹೋಗುವಾಗ ಬಳೆಯವರ ಆದೇಶದ ಪ್ರತಿ ಚೀಲದಲ್ಲಿತ್ತು. ಮಾಲೀಕರು ಚಿಕ್ಕ ವಯಸ್ಸಿನವರು, ಮರ್ಯಾದಸ್ಥರು. ಕಾಫಿ ಕೊಟ್ಟು, ನಗುನಗುತ್ತಾ, "ಡಿಕ್ರಿ ಆದ್ಮೇಲೆ ಚೌಕಾಸಿ ಏನಕ್ಕಾ? ಒಂದು ತಿಂಗಳು ತಗೊಳ್ಳಿ," ಎಂದರು. ನಾನು ಆ ಪ್ರತಿಯನ್ನು ಮೇಜಿನ ಮೇಲಿಟ್ಟೆ.

"ಇದು ನಿಮಗೆ ಹೇಗೆ ಸಿಕ್ತು?"

"ಬಿಟ್ಟಿ ಸಿಗುತ್ತೆ ಸ್ವಾಮಿ. ನಿಮ್ಮ ಹೆಸರು ಹಾಕಿದ್ರೆ ಏನೇನಿದೆಯೋ ಎಲ್ಲಾ ಬರುತ್ತೆ. ಪಕ್ಕದವ್ರಿಗೆ ಎರಡು ವರ್ಷ, ನಮಗೆ ತಿಂಗಳು ಅಂದ್ರೆ ಸಾಲಲ್ಲಿ ಜನ ಏನಂತಾರೆ?"

"ಅವರು ಬಂದ್ರು, ಕೇಳಿದ್ರು, ಕೊಟ್ಟೆ. ನಿಮ್ಮಣ್ಣ ನನ್ನ ಸಮನ್ಸಲ್ಲಿ ಸ್ಪ್ಯಾನರ್ ಸುತ್ತಿ ಕೊಟ್ರಂತೆ."

ನಾನು ನಕ್ಕೆ, ಅವರೂ ನಕ್ಕರು. ನಕ್ಕವರ ಜೊತೆ ವ್ಯಾಪಾರ ಸುಲಭ. ಒಂದು ತಿಂಗಳು ಮೂರಾಯಿತು, ಆರಾಯಿತು. ಹಳೇ ಮಾಲೀಕರ ಕಾಲದಿಂದ ಒಂದು ತಿಂಗಳೂ ಬಾಡಿಗೆ ತಪ್ಪಿಸದೇ ಇದ್ದುದನ್ನು ನೆನಪಿಸಿದೆ, ಬೀಗ ಒಡೆಸಲು ಹೋದರೆ ಅಣ್ಣ ಬೀದಿಯಲ್ಲಿ ಸೇರಿಸುವ ಜನವನ್ನೂ ನೆನಪಿಸಿದೆ. ಒಂದು ವರ್ಷಕ್ಕೆ ನಿಂತಿತು. ಷರತ್ತು ಒಂದೇ: ಅಣ್ಣ ಕೋರ್ಟಿಗೆ ಬಂದು, ವರ್ಷ ಕಳೆದ ಮೇಲೆ ಬಿಟ್ಟುಕೊಡುತ್ತೇನೆಂದು ಸಹಿ ಹಾಕಬೇಕು. ನನ್ನ ಜೀವಮಾನದಲ್ಲಿ ನಾನು ಮಾಡಿದ ಅತ್ಯಂತ ಒಳ್ಳೆಯ ಚೌಕಾಸಿ ಅದು. ಏಕೆಂದರೆ ನನ್ನ ಕೈಯಲ್ಲಿ ಸರಕೇ ಇರಲಿಲ್ಲ.

ಅಣ್ಣ ಅದನ್ನು ಕಾಲಲ್ಲಿ ಒದ್ದ.

"ಸೈನ್ ಆಕುದ್ರೆ ಒಪ್ಕೊಂಡಂಗೆ. ನಾನ್ ಒಪ್ಕೊಂಡೇ ಇಲ್ಲ." ಅಷ್ಟರಲ್ಲಿ ಅವನಿಗೆ ಯಾರೋ ಒಬ್ಬ ವಕೀಲರನ್ನು ಗೊತ್ತುಮಾಡಿಕೊಟ್ಟಿದ್ದರು. ಸಮನ್ಸು ಬಂದೇ ಇಲ್ಲ, ಅಮೀನರು ಬಂದೇ ಇಲ್ಲ ಎಂದು ಅರ್ಜಿ ಹಾಕುವುದು, ಅದಕ್ಕೆ ಸಾಕ್ಷಿಯೊಬ್ಬರು ಬೇಕು. "ನೀನ್ ಅವತ್ತು ಅಲ್ಲೇ ಇದ್ದೆ. ಯಾರೂ ಬರ್ನಿಲ್ಲ ಅಂತ ಏಳ್ಬುಡು, ಸಾಕು."

"ಬಂದಿದ್ರಲ್ಲ."

"ಬಂದಿದ್ರು ಅಂತ್ಲೇ ನಿನ್ ಕೇಳ್ತಿರೋದು. ಬರ್ದೇ ಇದ್ದಿದ್ರೆ ನಿನ್ ಯಾಕ್ ಕೇಳ್ಲಿ?"

"ಪ್ರಮಾಣ ಮಾಡಿ ಸುಳ್ಳು ಹೇಳಿದ್ರೆ ಏನ್ ಶಿಕ್ಷೆ ಅಂತಾನೂ ಓದಿದೀನಿ. ಅಂಗಡಿ ಮುಚ್ಚಿ ಜೈಲಿಗೆ ಹೋಗಕ್ಕೆ ನಂಗೆ ಪುರಸೊತ್ತಿಲ್ಲ. ಅವ್ರ ಹತ್ರ ಫೋಟೋ ಇದೆ ಅಣ್ಣ. ಸೈನ್ ಹಾಕು, ಒಂದು ವರ್ಷ ಸಿಗುತ್ತೆ."

"ನಿಂಗ್ ವ್ಯಾಪಾರ ಕಲ್ಸಿದ್ದು ಯಾರು?"

"ನೀನೇ. ಸೋಲೋ ವ್ಯಾಪಾರಕ್ಕೆ ಕೈ ಹಾಕ್ಬೇಡ ಅಂತ ಕಲ್ಸಿದ್ದೂ ನೀನೇ."

ಅವನು ನನ್ನ ಜೊತೆ ಆಡಿದ ಕೊನೆಯ ಮಾತು, "ಓಗು, ನಿನ್ ಮೊಬೈಲ್ನೇ ಅಣ್ಣ ಅನ್ನು." ನಾನು ಹೋದೆ.

ನಾನು ಒಪ್ಪದಿದ್ದಾಗ ಅವನು ಅತ್ತಿಗೆಯನ್ನು ಎಬ್ಬಿಸಿದ. ಅತ್ತಿಗೆ ಅಡುಗೆಮನೆ ಬಿಟ್ಟು ಹೊರಗೆ ಬಂದವಳಲ್ಲ. ಅಂಗಡಿಗೆ ಬುತ್ತಿ ಕಳಿಸುತ್ತಿದ್ದಳೇ ಹೊರತು ಒಂದು ದಿನವೂ ಅಲ್ಲಿ ಕೂತವಳಲ್ಲ. ಅವಳು ಸಾಕ್ಷಿ ಹೇಳುವ ದಿನ ನಾನು ಕೋರ್ಟಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ತವರಿನವರು ಮದುವೆಗೆ ಕೊಟ್ಟ ರೇಷ್ಮೆ ಸೀರೆ ಉಟ್ಟು ಬಂದಿದ್ದಳು. ಕೋರ್ಟಿಗೆ ಒಳ್ಳೇ ಸೀರೆ ಉಡಬೇಕೆಂದು ಯಾರು ಹೇಳಿದ್ದರೋ.

ಮಾಲೀಕರ ವಕೀಲರು ದನಿಯೆತ್ತುವವರಲ್ಲ. ತಾಯಿಯ ಹತ್ತಿರ ಮಾತಾಡುವ ಹಾಗೆ ಪಾಟೀಸವಾಲು ಶುರು ಮಾಡಿದರು.

"ಅಮ್ಮಾ, ಆ ದಿನ ಬೆಳಗಿಂದ ಸಂಜೆವರೆಗೂ ಅಂಗಡೀಲೇ ಇದ್ರಾ?"

"ಇದ್ದೆ ಸ್ವಾಮಿ."

"ಯಾವಾಗ್ಲೂ ಕೂತ್ಕೊಳ್ತೀರಾ ಅಂಗಡೀಲಿ?"

"ಊಂ. ವ್ಯಾಪಾರ ಮಾಡ್ತೀನಿ."

"ಒಳ್ಳೇದಮ್ಮ. ಇದು ನಿಮ್ಮ ಅಂಗಡಿ ಫೋಟೋ. ಈ ಮೂಲೇಲಿ ದೊಡ್ಡದಾಗಿದೆಯಲ್ಲ, ಹಿಡಿ ಇರೋದು, ಇದೇನಮ್ಮ?"

ಅದು ವೈಸು. ಕಬ್ಬಿಣ ಕಚ್ಚಿ ಹಿಡಿಯುವ ಸಾಮಾನು. ಅತ್ತಿಗೆ ಬಗ್ಗಿ ನೋಡಿದಳು. ಅಣ್ಣನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ.

"ಶ್ಯಾವಿಗೆ ಒತ್ತೋ ಒರಳು," ಎಂದಳು.

ಕೋರ್ಟು ನಕ್ಕಿತು. ನ್ಯಾಯಾಧೀಶರು ಸುಮ್ಮನಿರಿ ಎಂದರು, ಆದರೆ ಅವರೂ ಬಾಯಿಗೆ ಪೆನ್ನು ಅಡ್ಡ ಹಿಡಿದಿದ್ದರು. ಅಣ್ಣನ ವಕೀಲರು ಎದ್ದು ಏನೋ ಅಂದು ಕೂತರು. ಆಕಡೆಯವರು ಇನ್ನೊಂದು ಫೋಟೋ ತೆಗೆದರು, ಅಮೀನರು ಹಿಡಿದದ್ದು.

"ಇದ್ರಲ್ಲಿ ಇರೋರು ಯಾರಮ್ಮ?"

"ನಮ್ಮೆಜಮಾನ್ರು."

"ಅವರ ಪಕ್ಕದಲ್ಲಿ ಬಾಗಿಲ ಮೇಲೆ ಅಂಟಿಸಿರೋದು?"

"ಕಾಗ್ದ."

"ಯಜಮಾನ್ರು ಏನು ಮಾಡ್ತಾ ಇದಾರೆ?"

ಅತ್ತಿಗೆ ಬಹಳ ಹೊತ್ತು ನೋಡಿದಳು. ನಿಜ ಹೇಳಲು ಅವಕಾಶ ಸಿಕ್ಕಿತಲ್ಲ ಎಂಬಂತೆ ಹೇಳಿದಳು: "ನಗ್ತಾವ್ರೆ."

ಅರ್ಜಿ ವಜಾ ಆಯಿತು. ಆದೇಶ ಮೊಬೈಲಿನಲ್ಲಿ ಬಂದ ದಿನವೇ ಓದಿದೆ. ಪ್ರತಿವಾದಿಯ ಪತ್ನಿಯ ಸಾಕ್ಷ್ಯ ನಂಬಲರ್ಹವಲ್ಲ ಎಂದಿತ್ತು. ಸುಳ್ಳು ಪ್ರಮಾಣಕ್ಕೆ ಕ್ರಮ ಜರುಗಿಸಬಹುದಿತ್ತು, ಆಕೆಯ ಸ್ಥಿತಿ ನೋಡಿ ಬಿಟ್ಟಿದ್ದೇವೆ ಎಂದೂ ಇತ್ತು. ಅತ್ತಿಗೆ ಅಣ್ಣನಿಗೆ ತಿಳಿಯದ ಹಾಗೆ ನನ್ನ ಅಂಗಡಿಗೆ ಬಂದು, ಅದನ್ನು ಓದಿಸಿ ಕೇಳಿಕೊಂಡಳು.

"ಇದು ಯಾರಿಗೆ ಬೇಕಾದ್ರೂ ಕಾಣ್ಸುತ್ತಾ?"

"ಕಾಣ್ಸುತ್ತೆ ಅತ್ತಿಗೆ."

"ನಮ್ ಬೀಗ್ರಿಗೂ?"

"ಹೆಸರು ಹಾಕಿ ನೋಡಿದ್ರೆ."

"ಅಳಿಸಕ್ಕಾಗಲ್ವಾ? ದುಡ್ಡು ಕೊಟ್ರೆ?"

"ಆಗಲ್ಲ."

ಅವಳು ಸೆರಗಿನಿಂದ ನನ್ನ ಮೊಬೈಲಿನ ಗಾಜನ್ನು ಒಂದು ಸಲ ಒರೆಸಿದಳು. ಆಮೇಲೆ ಎದ್ದು ಹೋದಳು.

ಅಂಗಡಿ ಬಿಡಿಸಲು ಅಮೀನರು ಪೊಲೀಸರ ಜೊತೆ ಬಂದರು. ಅಣ್ಣ ತನ್ನಲ್ಲಿದ್ದ ಅತಿ ಗಟ್ಟಿ ಬೀಗ ಜಡಿದು, ಬೀಗದ ಕೈ ಕೊಡುವುದಿಲ್ಲವೆಂದು ರಸ್ತೆಯಾಚೆ ನಿಂತಿದ್ದ. ಕೂಲಿಯವನು ತಂದಿದ್ದ ಕಟರು ಬೀಗದ ಮೇಲೆ ಜಾರುತ್ತಿತ್ತು. ಜನ ಸೇರಿತು. ಅಣ್ಣನಿಗೆ ತಡೆಯಲಾಗಲಿಲ್ಲ.

"ಎಲ್ ತಂದ್ರಿ ಆ ಕಟರ್‌ನ? ಮೋಸ ಓಗಿದೀರಿ. ಬಾಯೇ ಇಲ್ಲ ಅದುಕ್ಕೆ!" ಎಂದು ಕೂಗಿದ. ಕೆಲವರು ನಕ್ಕರು. ಅವನೂ ನಕ್ಕ. ಕೂಲಿಯವನು ಕಟರನ್ನು ಬದಿಗಿಟ್ಟು, ಬೀಗವನ್ನು ಬಿಟ್ಟು, ಬೀಗ ಸಿಕ್ಕಿಸಿದ್ದ ಕೊಂಡಿಗೆ ಹಾರೆ ಹಾಕಿ ಮೀಟಿದ. ಕೊಂಡಿ ಹಳೆಯದು, ಒಂದೇ ಏಟಿಗೆ ಮರದ ಸಮೇತ ಕಿತ್ತು ಬಂತು. ಬೀಗ ಮಾತ್ರ ಗಟ್ಟಿಯಾಗಿಯೇ ನೆಲಕ್ಕೆ ಬಿತ್ತು. ಸಾಮಾನನ್ನೆಲ್ಲ ರಸ್ತೆಗೆ ಎತ್ತಿ ಹಾಕಿದರು. ವೈಸು ಹೊತ್ತು ತರುವಾಗ ಯಾವನೋ ಜನರ ನಡುವಿಂದ, "ಹುಷಾರು ಕಣ್ರಪ್ಪ, ಶ್ಯಾವಿಗೆ ಒರಳು!" ಎಂದ. ಸಾಲಿಗೆ ಸಾಲೇ ನಕ್ಕಿತು. ಬಳೆಯವರು ಮಾತ್ರ ಒಳಗೆ ಹೋಗಿ ಬಾಗಿಲು ಎಳೆದುಕೊಂಡರು.

ಈಗ ಅಣ್ಣ ರಸ್ತೆ ಬದಿಯಲ್ಲಿ ಟಾರ್ಪಾಲು ಹಾಸಿ ಅದೇ ಸಾಮಾನು ಮಾರುತ್ತಾನೆ. ರಸ್ತೆಯಲ್ಲಿ ಕೂತವನ ಹತ್ತಿರ ಗಿರಾಕಿ ಕೇಳುವ ಬೆಲೆಯೇ ಬೇರೆ. ನನ್ನ ಅಂಗಡಿಯ ಅರ್ಧ ಬಿಟ್ಟುಕೊಡುತ್ತೇನೆಂದು ಅತ್ತಿಗೆಯ ಕೈಲಿ ಹೇಳಿ ಕಳಿಸಿದೆ. ಉತ್ತರ ಬರಲಿಲ್ಲ. ನಾನು ಮತ್ತೆ ಕೇಳಿಲ್ಲ. ಅಣ್ಣನಿಗೋಸ್ಕರ ಒಂದು ಸುಳ್ಳು ಸಾಕ್ಷಿ ಹೇಳಬಾರದಿತ್ತೇ ಎಂದು ನೆಂಟರು ಕೆಣಕುತ್ತಾರೆ. ಹೇಳಿದ್ದರೆ ಶ್ಯಾವಿಗೆಯ ಬದಲು ನನ್ನನ್ನು ಬೇರೆ ಏನಾದರೂ ಕೇಳಿ ನಗುತ್ತಿದ್ದರು, ಅಂಗಡಿ ಆಗಲೂ ಹೋಗುತ್ತಿತ್ತು.

ನಿಮಗೆ ಹೇಳುವುದಿಷ್ಟು. ನಿಮ್ಮ ಮೇಲೆ ಕೇಸಿದೆ ಎಂಬ ಗಾಳಿ ಬೀಸಿದರೂ ಸಾಕು, ಆ ದಿನವೇ ಕೋರ್ಟಿನ ಸೈಟಿನಲ್ಲಿ ಹುಡುಕಿ. ನಿಮ್ಮ ಹೆಸರಿನಲ್ಲಿ ಸಿಗದಿದ್ದರೆ ಎದುರಾಳಿಯ ಹೆಸರಿನಲ್ಲಿ ಹುಡುಕಿ, ಅವರು ಬೇರೆಯವರ ಜೊತೆ ಹೇಗೆ ರಾಜಿಯಾದರು ಎಂಬುದೂ ಅಲ್ಲೇ ಸಿಗುತ್ತದೆ. ಚೌಕಾಸಿಗೆ ಕೂರುವವರಿಗೆ ಅದಕ್ಕಿಂತ ದೊಡ್ಡ ಬಂಡವಾಳ ಇಲ್ಲ. ಸಿಕ್ಕಿದ ಕೇಸಿನ ನಂಬರನ್ನು ಬರೆದಿಟ್ಟುಕೊಳ್ಳಿ, ಆಮೇಲೆ ಹೆಸರು ಹುಡುಕುವ ಗೋಜಿಲ್ಲ. ಇದನ್ನು ತೆಗೆದುಕೊಡಲು ದುಡ್ಡು ಕೇಳುವವರ ಅಂಗಡಿಯಿಂದ ಎದ್ದು ಬನ್ನಿ.

ತೀರ್ಪು ಓದುವಾಗ ನಿಮ್ಮಂಥವರು ಗೆದ್ದದ್ದನ್ನು ಆಮೇಲೆ ಓದಿ, ಸೋತದ್ದನ್ನು ಮೊದಲು ಓದಿ. ಒಂದು ಸಾಲು ಕಂಡು ಕುಣಿಯಬೇಡಿ, ಕೊನೆಯ ತನಕ ಓದಿ, ಅವರ ಕಥೆಯೂ ನಿಮ್ಮ ಕಥೆಯೂ ಒಂದೇ ಹೌದೋ ಎಂದು ತಾಳೆ ನೋಡಿ. ಕಾಯಿದೆ ಹಳೆಯದೋ ತಿದ್ದುಪಡಿಯಾದದ್ದೋ ನೋಡಿ. ಈಚೆಗೆ ಕ್ರಿಮಿನಲ್ ಕಾಯಿದೆಗಳ ಹೆಸರು, ಕಲಮುಗಳೆಲ್ಲ ಬದಲಾಗಿವೆ. ಮೊಬೈಲಿನ ಪ್ರತಿ ತಿಳಿದುಕೊಳ್ಳುವುದಕ್ಕೆ ಮಾತ್ರ, ಕೋರ್ಟಿಗೆ ಕೊಡಬೇಕಾದರೆ ಕೋರ್ಟಿನಿಂದಲೇ ದೃಢೀಕರಿಸಿದ ನಕಲು ಪಡೆಯಬೇಕು. ಮೊಬೈಲು ವಕೀಲನೂ ಅಲ್ಲ. ಓದಿದ್ದನ್ನು ತೆಗೆದುಕೊಂಡು ಉಚಿತ ಕಾನೂನು ನೆರವಿನ ಕಚೇರಿಗೆ ಹೋಗಿ. ಹೆಂಗಸರಿಗೆ ಅಲ್ಲಿ ಆದಾಯ ಎಷ್ಟೆಂದು ನೋಡದೆಯೇ ವಕೀಲರನ್ನು ಕೊಡುತ್ತಾರೆ. ಅವರು ಸುಳ್ಳು ಬೇಡ ಎಂದರೆ ಬೇಡ. ಆ ಸುಳ್ಳನ್ನು ಹೇಳಲು ಬೇರೊಬ್ಬರನ್ನು ಕಟಕಟೆ ಹತ್ತಿಸುವುದಂತೂ ಬೇಡವೇ ಬೇಡ.

ಮುಂದಿನ ವಾಯಿದೆ ಯಾವತ್ತೆಂದು ಹಿಂದಿನ ದಿನ ಇನ್ನೊಮ್ಮೆ ನೋಡಿಕೊಳ್ಳಿ, ಬದಲಾಗಿರುತ್ತದೆ. ಬೆಳಿಗ್ಗೆ ಬೇಗ ಹೋಗಿ ಬಾಗಿಲಿಗೆ ಹತ್ತಿರದಲ್ಲಿ ನಿಲ್ಲಿ, ಗದ್ದಲದಲ್ಲಿ ಕೇಳಿಸುವುದಿಲ್ಲ. ನಿಮ್ಮ ಹೆಸರು ಕೂಗಿದಾಗ ಗಟ್ಟಿಯಾಗಿ, ಇದ್ದೀನಿ ಸ್ವಾಮಿ, ಎನ್ನಿ.